ಕರೆದಾಗ ಹೋಗುವ ಮನೆ

ಸಾಂಗಲಿಯಿಂದ ಮರಳಿದ ಪಾರಿಸನಿಗೆ ಜೈನರ ರೂಢಿಯಂತೆ ಹೊತ್ತು ಮುಳುಗುವ ಮುಂಚೆ ಉಣಬಡಿಸಬೇಕೆಂದು ಮಂಗಲಾ ಅವಸರದಿಂದ ತಾಟು ಇಟ್ಟಳು. ಅವನು ರೊಟ್ಟಿ ಮುರಿದ, ಪಲ್ಯಕ್ಕೆ ಹಚ್ಚಿದ, ಬಾಯಿಗಿಡದೆ ಹಾಗೆಯೇ ಕೂತ.

“ಯಾಕ್ರಿ, ಪಲ್ಯಾ ಸಪ್ಪಗಾಗೇತೇನು?”

“ಇಲ್ಲ.”

“ಮತ್ತ?”

ಪಾರಿಸ ಅಂಗಳದ ಕಡೆ ನೋಡಿದ. ಅಲ್ಲಿ ಅವರ ಕಿರಿಯ ಮಗ, ನಾಲ್ಕು ವರ್ಷದ ಧರೆಪ್ಪ, ಕರುವಿನ ಬಾಲ ಹಿಡಿದುಕೊಂಡು ಅದರ ಹಿಂದೆ ಓಡುತ್ತಿದ್ದ.

“ಧರ್ಯಾನ್ನ ಅಣ್ಣಾ ಕೇಳ್ಯಾನ,” ಅಂದ.

“ಕೇಳ್ಯಾರ ಅಂದ್ರ? ಸಾಲಿ ಕಲಿಸಾಕ ಇಟ್ಕೋತಾರಂತೇನು? ಇನ್ನಾ ಸಣ್ಣಾಂವ ಅದಾನಲ್ರಿ.”

“ಸಾಲಿಗಲ್ಲ. ದತ್ತಕ.”

ಮಂಗಲಾಳ ಕೈಯಲ್ಲಿದ್ದ ಮಜ್ಜಿಗೆ ತಂಬಿಗೆ ಅಲ್ಲಿಯೇ ನಿಂತಿತು. “ನೀವೇನಂದ್ರಿ?”

“ಏನನ್ಲಿ? ಹೂಂ ಅಂದೆ.”

ಅವನು ಹೂಂ ಅನ್ನದೆ ಇನ್ನೇನು ಅಂದಾನು ಎಂದು ಮಂಗಲಾಗೂ ಗೊತ್ತಿತ್ತು. ಪ್ಲೇಗಿನಲ್ಲಿ ತಂದೆ ತಾಯಿ ಇಬ್ಬರೂ ಹೋದಾಗ ಪಾರಿಸ ಇನ್ನೂ ಅಂಬೆಗಾಲಿಡುವ ಕೂಸು. ಅಣ್ಣ ಧನಪಾಲ ತಾನೇ ಹುಡುಗನಾಗಿದ್ದರೂ ಅವನನ್ನು ಬಗಲಲ್ಲಿ ಹೊತ್ತುಕೊಂಡು ಬೆಳೆಸಿದ. ಮುಂದೆ ಸಲಗರೆಯ ಹೊಲ ಮನೆ ಎಲ್ಲ ತಮ್ಮನಿಗೇ ಬಿಟ್ಟು ಬರಿಗೈಯಲ್ಲಿ ಸಾಂಗಲಿಗೆ ಹೋಗಿ, ಅರಿಷಿಣದ ವ್ಯಾಪಾರದಲ್ಲಿ ಪಳಗಿ, ಸ್ವಂತ ದಲಾಲಿಯ ಅಡತಿ ಅಂಗಡಿ ಇಟ್ಟ. ಸಂಸ್ಥಾನದ ಕಚೇರಿಯ ದೊಡ್ಡವರೂ ಅವನಿಗೆ ‘ಬರ್ರಿ ಶೇಟಜಿ’ ಅನ್ನುವಂತಾದ. ಆ ಮನೆಯಲ್ಲಿ ಇಲ್ಲದ್ದು ಒಂದೇ, ಮಗು. ತನ್ನನ್ನು ಹೊತ್ತು ಬೆಳೆಸಿದವನು ಬಾಯಿ ಬಿಟ್ಟು ಒಂದು ಮಾತು ಕೇಳಿದರೆ ಇಲ್ಲ ಅನ್ನುವ ನಾಲಿಗೆ ಪಾರಿಸನಿಗೆ ಇರಲಿಲ್ಲ.

“ನಮ್ಮ ಮನ್ಯಾಗ ಇಬ್ಬರು ಅದಾರಲ್ಲ,” ಅಂದ ಅವನು, ಅವಳ ಮುಖ ನೋಡದೆ. “ಅವರ ಮನ್ಯಾಗ ಒಂದೂ ಇಲ್ಲ.”

ಮಂಗಲಾ ತವರಿಗೆ ಹೇಳಿ ಕಳಿಸಿದಳು. ಖಂಡೇರಾಜುರಿಯಿಂದ ಅವಳ ತಂದೆ ಧೋಂಡಪ್ಪ ಗಾಡಿ ಕಟ್ಟಿಕೊಂಡು ಬಂದ. ಮೊಮ್ಮಗನಿಗೆ ತನ್ನ ತಂದೆಯ ಹೆಸರು ಇಡಿಸಿದವನು ಅವನೇ. ಅವನಾದರೂ ತಡೆದಾನು ಎಂದು ಅವಳು ಕಾಯುತ್ತಿದ್ದಳು. ಧೋಂಡಪ್ಪ ಅಳಿಯನ ಮಾತೆಲ್ಲ ಕೇಳಿ, ಎಲೆ ಅಡಿಕೆ ಹಾಕಿಕೊಂಡು, ಮಗಳನ್ನು ಒಳಗೆ ಕರೆದ.

“ಹುಡುಗ ಸಾಂಗಲಿ ಪ್ಯಾಟಿಗೆ ಧಣಿ ಆಗತಾನ. ನಿನ್ನ ಕಣ್ಣೀರಿನ್ಯಾಗ ಅವನ ನಸೀಬ ತೊಳದ್ ಹಾಕಬ್ಯಾಡವ್ವಾ,” ಅಂದ.

ಅಲ್ಲಿಗೆ ಅವಳು ತಟ್ಟಬಹುದಾದ ಬಾಗಿಲುಗಳೆಲ್ಲ ಮುಚ್ಚಿದವು.

ದತ್ತವಿಧಾನ ಮಾರ್ಗಶಿರದಲ್ಲಿ ನಡೆಯಿತು. ಧನಪಾಲನ ಮನೆ ಮುಂದೆ ಮಂಟಪ, ಬಾಳೆಕಂಬ, ಬಾಗಿಲ ಪಕ್ಕದಲ್ಲಿ ವಾಜಂತ್ರಿಯವರು. ಪೇಠೆಯ ವ್ಯಾಪಾರಿಗಳು ಜರಿ ರುಮಾಲು ಸುತ್ತಿಕೊಂಡು ಬಂದರು. ಕಚೇರಿಯ ಅಧಿಕಾರಿಗಳು ಬಂದಾಗ ಧನಪಾಲನೇ ಬಾಗಿಲಿಗೆ ಹೋಗಿ ಅತ್ತರು ಹಚ್ಚಿ, ಹಾರ ಹಾಕಿ, ಗಾದಿಯ ಮೇಲೆ ಕೂಡಿಸಿದ. ಒಳಗೆ ಹೆಣ್ಣುಮಕ್ಕಳ ಗದ್ದಲ. ಅಡಿಗೆಯವರು ಬುಂದಿ ಕರಿಯುತ್ತಿದ್ದ ವಾಸನೆ ಮಾಳಿಗೆಯವರೆಗೆ ಏರಿತ್ತು. ಮಂಗಲಾ ಮದುವೆಯಲ್ಲಿ ಉಟ್ಟ ಸೀರೆ ಉಟ್ಟು, ಮಗನನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೋಮದ ಮುಂದೆ ಗಂಡನ ಪಕ್ಕದಲ್ಲಿ ಕೂತಿದ್ದಳು. ಧರೆಪ್ಪನಿಗೆ ಮಖಮಲ್ಲಿನ ಅಂಗಿ, ತಲೆಗೆ ಜರಿ ಟೊಪ್ಪಿಗೆ. ಟೊಪ್ಪಿಗೆ ಕಚ್ಚುತ್ತದೆ ಎಂದು ಅವನು ಮತ್ತೆ ಮತ್ತೆ ತೆಗೆಯುತ್ತಿದ್ದ, ಅವಳು ಮತ್ತೆ ಮತ್ತೆ ಇಡುತ್ತಿದ್ದಳು.

ಉಪಾಧ್ಯರು ಮಂತ್ರ ನಿಲ್ಲಿಸಿ ಧನಪಾಲನ ಕಡೆ ತಿರುಗಿದರು. ಅವನು ಎದ್ದು ನಿಂತು, ಎಲ್ಲರೆದುರು ತಮ್ಮನಿಗೆ ಕೈಮುಗಿದು, ನಿನ್ನ ಮಗನನ್ನು ನನಗೆ ಕೊಡು ಎಂದು ಕೇಳಿದ. ಉಪಾಧ್ಯರೇ ಹೇಳಿಕೊಟ್ಟು ಪಾರಿಸನಿಂದ ‘ಕೊಟ್ಟೆ’ ಅನ್ನಿಸಿದರು. ಆಮೇಲೆ ಮಂಗಲಾ ಏಳಬೇಕಿತ್ತು. ಏಳಲಿಲ್ಲ. ಹಿಂದಿನಿಂದ ಯಾವಳೋ ಹಿರಿಯಳು ಅವಳ ಭುಜ ಮುಟ್ಟಿ, “ಏಳವ್ವಾ, ಮುಹೂರ್ತ ಮೀರತದ,” ಅಂದಳು. ಅವಳು ಎದ್ದು ಹೋಗಿ ಮಗನನ್ನು ಧನಪಾಲನ ಹೆಂಡತಿ ಇಂದುಬಾಯಿಯ ಉಡಿಯಲ್ಲಿ ಇಟ್ಟಳು. ಕೂಡಲೇ ವಾಜಂತ್ರಿ ಮೊಳಗಿತು. ಧರೆಪ್ಪ ಬೆಚ್ಚಿಬಿದ್ದು “ಅವ್ವಾ” ಎಂದು ಚೀರಿದ್ದು ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸಿತು.

ಅವನ ಹೆಸರನ್ನೂ ಅವತ್ತೇ ಬದಲಿಸಿದರು. ಧರೆಪ್ಪ ಎಂದರೆ ಪೇಠೆಯಲ್ಲಿ ಹುಡುಗರು ನಗುತ್ತಾರಂತೆ. ಜಯಕುಮಾರ ಎಂದು ಇಟ್ಟರು. ತಾಟು ತುಂಬ ಪೇಢೆ ಹಂಚಿದರು. ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ ಕುಬಸದ ಖಣ ಕೊಡುತ್ತ ಬಂದವರು ಮಂಗಲಾಳ ಮುಂದೆಯೂ ನಿಂತು, ಕುಂಕುಮ ಹಚ್ಚಿ, ಖಣ ಕೊಟ್ಟು, ಮುಂದಿನವಳ ಹತ್ತಿರ ಹೋದರು.

ಊಟವಾದ ಮೇಲೆ ಇಂದುಬಾಯಿ ಅವಳನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ದೊಡ್ಡ ಮನೆಯ ಹೆಂಗಸು, ಮೈ ತುಂಬ ಬಂಗಾರ. ಆದರೂ ಮಂಗಲಾಳ ಎರಡೂ ಕೈ ಹಿಡಿದುಕೊಂಡಳು.

“ಮಂಗಲಾ, ನಿನ್ನ ಹೊಟ್ಟಿ ಉರಸಾಕತ್ತೇನಿ ಅಂತ ನಂಗ ಗೊತ್ತದ. ಆದ್ರ ಇವರಿಗೆ ಇನ್ನೊಂದ ಲಗ್ನಾ ಮಾಡಬೇಕಂತ ಮಂದಿ ಗಂಟ ಬಿದ್ದಿದ್ರು. ಹುಡುಗಿ ಸುದ್ದಾ ನೋಡಿದ್ರು. ಈ ಕೂಸ ಬಂದು ನನ್ನ ಸಂಸಾರ ಉಳೀತು. ನಿನ್ನ ಉಪಕಾರ ಮರಿಯೂದಿಲ್ಲ.”

“ಅವಂಗ ಹಾಲಿನ್ಯಾಗ ಬೆಲ್ಲಾ ಬೇಕ್ರಿ ಅಕ್ಕಾರ. ಸಕ್ರಿ ಹಾಕಿದ್ರ ಕುಡಿಯೂದಿಲ್ಲ,” ಅಂದಳು ಮಂಗಲಾ. ಹೇಳಬೇಕೆಂದುಕೊಂಡದ್ದು ಬಹಳ ಇತ್ತು. ಬಾಯಿಗೆ ಬಂದದ್ದು ಅಷ್ಟೇ.

ಮಗು ಎಚ್ಚರವಿದ್ದರೆ ರಂಪ ಮಾಡುತ್ತಾನೆ, ಮಲಗಿದ್ದಾಗಲೇ ಹೊರಟುಬಿಡಿ ಎಂದು ಹಿರಿಯರು ಅಂದರು. ಹಾಗೆಯೇ ಹೊರಟರು. ಟಾಂಗಾದಲ್ಲಿ ಮಿರಜಕ್ಕೆ, ಅಲ್ಲಿಂದ ಸಣ್ಣ ರೈಲಿನಲ್ಲಿ ಸಲಗರೆಗೆ.

ಆಮೇಲೆ ಸಾಂಗಲಿಯ ಮನೆಯಿಂದ ಕರೆ ಬಂದಾಗಲೆಲ್ಲ ಮಂಗಲಾ ಹೋದಳು. ಕರೆಯದೆ ಮಾತ್ರ ಹೋಗುವಂತಿರಲಿಲ್ಲ. ಮೊದಲ ವರ್ಷ ಪದೇ ಪದೇ ಬಂದರೆ ಹುಡುಗ ಹೊಂದಿಕೊಳ್ಳುವುದಿಲ್ಲ ಎಂದು ಧನಪಾಲ ತಮ್ಮನಿಗೆ ನಯವಾಗಿ ಹೇಳಿದ್ದ. ಹಾಗಾಗಿ ಅವಳು ಮಗನನ್ನು ನೋಡಿದ್ದೆಲ್ಲ ಹಬ್ಬ ಸಮಾರಂಭಗಳಲ್ಲೇ. ಅವನು ಹುಟ್ಟಿದ ದಿನಕ್ಕೆ ಆರತಿ ಮಾಡುವಾಗ ಐದು ಜನ ಮುತ್ತೈದೆಯರಲ್ಲಿ ಒಬ್ಬಳಾಗಿ ನಿಂತು ಅವಳೂ ಆರತಿ ಎತ್ತಿದಳು. ಅವನು ಹುಟ್ಟಿದಾಗ ತಾನು ಪಟ್ಟ ಪಾಡು ಅಲ್ಲಿ ಯಾರ ಮಾತಿನಲ್ಲೂ ಬರಲಿಲ್ಲ. ಶಾಲೆಗೆ ಹಾಕುವ ದಿನ ಪಾಟಿ ಪೂಜೆ ಮಾಡಿ ಓಣಿಯ ಹುಡುಗರಿಗೆಲ್ಲ ಊಟ ಹಾಕಿದರು. ಅವಳು ಬಡಿಸಲು ನಿಂತಳು. ಬಡಿಸುವವರಿಗೆ ಒಂದು ಅನುಕೂಲ, ಒಂದೇ ತಾಟಿನ ಮುಂದೆ ಎಷ್ಟು ಸಲ ಬಗ್ಗಿದರೂ ಯಾರೂ ಕೇಳುವುದಿಲ್ಲ.

ಮೊದಮೊದಲು ಹುಡುಗ ಅವಳನ್ನು ಕಂಡರೆ ಓಡಿಬಂದು ಸೆರಗು ಹಿಡಿಯುತ್ತಿದ್ದ. ಆಗ ಇಂದುಬಾಯಿಯ ಮುಖ ಬಾಡುತ್ತಿತ್ತು. ಅದನ್ನು ಕಂಡು ಮಂಗಲಾ ತಾನೇ ಅವನ ಬೆರಳು ಬಿಡಿಸಿ, “ಆಯಿ ಕಡೆ ಹೋಗಪಾ,” ಎಂದು ಇಂದುಬಾಯಿಯತ್ತ ಕಳಿಸುತ್ತಿದ್ದಳು. ಎರಡನೆಯ ಸಂಕ್ರಾಂತಿಗೆ ಅವನು ದೂರ ನಿಂತು ನೋಡಿದ. ಮೂರನೆಯದಕ್ಕೆ ಹತ್ತಿರ ಬಂದು ಕಾಲಿಗೆ ನಮಸ್ಕಾರ ಮಾಡಿ, ಚಿಕ್ಕಮ್ಮನಿಗೆ ಅನ್ನುವಂತೆ ‘ಕಾಕು’ ಅಂದ. ಮನೆಯಲ್ಲಿ ಮರಾಠಿಯೇ ನಡೆಯುತ್ತಿತ್ತು, ಶಾಲೆಯಲ್ಲೂ ಅದೇ. ಅವಳು ಕನ್ನಡದಲ್ಲಿ ಕೇಳಿದ್ದು ಅವನಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಅವಳ ಮರಾಠಿಯೋ ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುವಷ್ಟು. ಹೀಗೆ ತಾಯಿ ಮಗ ಒಂದೆರಡು ಮಾತಾಡಿ ಸುಮ್ಮನಾಗುತ್ತಿದ್ದರು.

ಅವನು ಸುಖವಾಗಿದ್ದ. ಅದನ್ನು ಮಂಗಲಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಇಂದುಬಾಯಿ ಅವನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಳು, ಅದು ಸುಳ್ಳಲ್ಲ.

ಹುಡುಗನಿಗೆ ಎಂಟು ನಡೆಯುತ್ತಿದ್ದಾಗ ಸಾಂಗಲಿಯಿಂದ ಬೇರೆ ತರದ ಕರೆ ಬಂತು. ಇಂದುಬಾಯಿಗೆ ದಿನ ತುಂಬುತ್ತ ಬಂದಿದೆ, ಸೀಮಂತದ ಕುಬಸ ಮಾಡುತ್ತೇವೆ, ಬರಬೇಕು. ಸುದ್ದಿ ಕೇಳಿ ಪಾರಿಸ ಬಾಯಿ ಬಿಟ್ಟು ಕೂತ. ಇಷ್ಟು ವರ್ಷ ಆಗದ್ದು ಈಗ ಆಗಿತ್ತು.

ಆ ರಾತ್ರಿ ಮಂಗಲಾ ಗಂಡನಿಗೆ ಮೆಲ್ಲಗೆ ಕೇಳಿದಳು: “ಅವರಿಗೆ ಅವರದ ಕೂಸ ಬಂದ್ರ, ನಮ್ಮದು ನಮಗ ಕೊಡತಾರೇನ್ರಿ?”

ಪಾರಿಸ ಇಲ್ಲ ಅನ್ನಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು. ಕುಬಸಕ್ಕೆ ಹೋದಳು, ಹೂವಿನ ಜೋಕಾಲಿಯಲ್ಲಿ ಕೂತಿದ್ದ ಇಂದುಬಾಯಿಗೆ ಹಸಿರು ಬಳೆ ತೊಡಿಸಿ, ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಹಾಡು ಹೇಳಿದಳು. ಗಂಡೇ ಹುಟ್ಟಲಿ ಎಂದು ಬಸದಿಯಲ್ಲಿ ಪದ್ಮಾವತಿಗೆ ಉಡಿ ತುಂಬಿದಳು. ತನ್ನ ಸ್ವಂತ ಬಸುರಿನಲ್ಲೂ ಅವಳು ಅಷ್ಟು ಬೇಡಿಕೊಂಡಿರಲಿಲ್ಲ.

ಗಂಡೇ ಹುಟ್ಟಿತು.

ತೊಟ್ಟಿಲ ಕಾರ್ಯಕ್ಕೆ ಧನಪಾಲ ಊರನ್ನೇ ಕರೆದಿದ್ದ. ದತ್ತವಿಧಾನಕ್ಕೆ ಓಣಿಯ ವಾಜಂತ್ರಿಯವರಿದ್ದರೆ ಈ ಸಲ ಬ್ಯಾಂಡು. ಅಂಗಳದ ತುಂಬ ಕುರ್ಚಿ, ಬಂದ ಸಾಹೇಬರಿಗೆ ಚಹಾ ಬಿಸ್ಕಿಟು, ಗುಲಾಬಿ ಷರಬತ್ತು. ಒಳಗೆ ಬೆಳ್ಳಿ ಸರಪಳಿಯ ತೊಟ್ಟಿಲು. ಕೂಸಿಗೆ ಧನಪಾಲನ ತಂದೆಯ ಹೆಸರಿಟ್ಟರು. ಆ ಹೆಸರನ್ನು ಇಷ್ಟು ದಿನ ಯಾರಿಗೋ ಕಾದಿರಿಸಿದ್ದರು ಎಂದು ಮಂಗಲಾಗೆ ಆಗ ತಿಳಿಯಿತು.

ಜಯಕುಮಾರ ಕೋಟು ಹಾಕಿಕೊಂಡು ಓಡಾಡುತ್ತಿದ್ದ. ಕೋಟಿನ ತೋಳು ಮಣಿಕಟ್ಟಿಗಿಂತ ಮೇಲೆ ಬಂದಿತ್ತು. ಯಾರೂ ಅವನನ್ನು ಬೈಯುತ್ತಿರಲಿಲ್ಲ. ಯಾರೂ ಅವನನ್ನು ನೋಡುತ್ತಲೂ ಇರಲಿಲ್ಲ. ಫೋಟೋದವನು ಕರಿ ಬಟ್ಟೆಯ ಡಬ್ಬಿ ನಿಲ್ಲಿಸಿ ಮನೆಯವರನ್ನು ಕರೆದಾಗ, ಧನಪಾಲ ಕುರ್ಚಿಯಲ್ಲಿ ಕೂತ, ಪಕ್ಕದ ಕುರ್ಚಿಯಲ್ಲಿ ಕೂಸನ್ನೆತ್ತಿಕೊಂಡು ಇಂದುಬಾಯಿ. ಜಯಕುಮಾರ ಓಡಿಬಂದು ಅಪ್ಪನ ಕುರ್ಚಿಯ ಕೈ ಹಿಡಿದು ನೆಟ್ಟಗೆ ನಿಂತ, ಕೂದಲು ಸರಿ ಮಾಡಿಕೊಂಡ. ಇಂದುಬಾಯಿಯ ತಾಯಿ ಅವನ ಭುಜ ಹಿಡಿದು ಬಹಳ ಪ್ರೀತಿಯಿಂದಲೇ ಮರಾಠಿಯಲ್ಲಿ ಅಂದಳು, “ನೀನು ಆಮೇಲೆ ನಿಲ್ಲು ಬಾಳಾ, ಮೊದಲು ಮನೆಯವರದೊಂದು ಆಗಲಿ.”

ಅವನು ಸರಿದು ನಿಂತ. ಧನಪಾಲ ಏನೋ ಹೇಳಲು ಬಾಯಿ ತೆರೆದ. ಫೋಟೋದವನು ಅಲುಗಾಡಬೇಡಿ ಅಂದ. ಧನಪಾಲ ಬಾಯಿ ಮುಚ್ಚಿಕೊಂಡ. ಆಮೇಲಿನ ಫೋಟೋ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.

ಮಂಗಲಾ ಹಿತ್ತಿಲಿನಲ್ಲಿ ಕೈ ತೊಳೆಯುತ್ತಿದ್ದಾಗ ಹುಡುಗ ಅಲ್ಲಿಗೆ ಬಂದ. ಸ್ವಲ್ಪ ಹೊತ್ತು ನೀರಿನ ಹಂಡೆಯ ಹತ್ತಿರ ನಿಂತ. “ಕಾಕು, ಮೀ ತುಮಚ್ಯಾ ಬರೋಬರ ಯೇವೂ ಕಾ?” ಅಂದ. ನಿಮ್ಮ ಸಂಗಡ ಬರಲಾ ಎಂಬ ಆ ಮಾತು ಅವಳಿಗೆ ತಿಳಿಯಿತೋ ಇಲ್ಲವೋ ಎಂದು ಅನುಮಾನವಾಗಿ, ಹುಡುಕಿ ಹುಡುಕಿ ಕನ್ನಡ ತೆಗೆದ. “ನಾ... ಸಲಗರಿ... ಬರ್ಲ್ಯಾ?”

“ಯಾಕಪಾ? ಇಲ್ಲಿ ಏನ್ ಕಮ್ಮಿ ಆಗೇದ?”

ಅವನು ತಲೆ ಅಲ್ಲಾಡಿಸಿದ. ಏನೂ ಕಮ್ಮಿ ಇಲ್ಲ ಎಂದೋ, ಹೇಳಲು ಬರುವುದಿಲ್ಲ ಎಂದೋ.

“ಇಲ್ಲೇ ನಿಂದರು. ಎಲ್ಲೂ ಹೋಗಬ್ಯಾಡ,” ಅಂದು ಮಂಗಲಾ ಒಳಗೆ ನಡೆದಳು.

ಬಾಣಂತಿ ಕೋಣೆಯಲ್ಲಿ ಇಂದುಬಾಯಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಮಂಗಲಾ ಬಾಗಿಲಲ್ಲೇ ನಿಂತು ಕೇಳಿದಳು. “ಅಕ್ಕಾರ, ನಿಮಗ ದೇವರು ಕೊಟ್ಟ. ನನ್ನ ಕೂಸ ನಂಗ ಕೊಡ್ರಿ.”

ಇಂದುಬಾಯಿ ಕೂಸಿನ ಮೇಲೆ ಸೆರಗು ಎಳೆದಳು. ಆಮೇಲೆ, “ನಂಗೂ ಅನಸ್ತದ ಮಂಗಲಾ,” ಅಂದಳು. “ಮದಲಿನಂಗ ಅವನ್ನ ನೋಡಾಕ ನನ್ನ ಕೈಲೆ ಆಗವಲ್ದು. ಬೇಕಂತ ಮಾಡಾಕತ್ತಿಲ್ಲ. ಈ ಕೂಸಿನ ಮಾರಿ ನೋಡಿದ ಮ್ಯಾಲೆ ಅವನ ಮಾರಿ ನೋಡಿದ್ರ... ನಂಗ ನಾಚಿಕಿ ಬರತದ. ಇವರನ್ನ ಕೇಳು. ಅವರು ಹೂಂ ಅಂದ್ರ ನಾ ಅಡ್ಡ ಬರೂದಿಲ್ಲ.”

ಗಂಡನ ಅಣ್ಣನೊಂದಿಗೆ ಮಂಗಲಾ ಎಂದೂ ನೇರ ಮಾತಾಡಿದವಳಲ್ಲ. ಅವತ್ತು ಸೆರಗು ತಲೆಯ ಮೇಲೆಳೆದುಕೊಂಡು, ಅಣ್ಣ ತಮ್ಮ ಇಬ್ಬರೇ ಕೂತಿದ್ದ ಓಸರಿಯ ಕಂಬದ ಹಿಂದೆ ನಿಂತು ಕೇಳಿಯೇಬಿಟ್ಟಳು. ಮಾತು ಪೂರ್ತಿ ಆಡಿದಳು.

ಧನಪಾಲ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ತಂಗೀ,” ಅಂದ, “ಅಗ್ನಿ ಮುಂದ, ಊರ ಮಂದಿ ಮುಂದ ಕೈ ಮುಗದು ಬೇಡಿ ತಗೊಂಡೇನಿ. ಈಗ ತಿರಗಿ ಕಳಸಿದ್ರ ಮಂದಿ ಏನಂತಾರ? ಹೊಟ್ಟಿಲೆ ಹುಟ್ಟಿದ್ದ ಬಂತು, ದತ್ತಕದ್ದು ಹೊರಗ ಹಾಕಿದಾ ಅಂತಾರ. ಈ ಪ್ಯಾಟ್ಯಾಗ ನಾ ತಲಿ ಎತ್ತಿ ಅಡ್ಡಾಡಬೇಕೋ ಬ್ಯಾಡೋ? ಮತ್ತ ಕಾಯದೇನೂ ಹಂಗಿಲ್ಲ. ವಕೀಲರನ್ನ ಬೇಕಂದ್ರ ಕೇಳ್ರಿ. ದತ್ತಕ ಹೋದ ಮಗಾ ಹುಟ್ಟಿದ ಮನಿಗೆ ಮಗಾ ಅಲ್ಲ.”

“ಅಂವಾ ಬರತೇನಿ ಅಂತಾನ್ರಿ.”

“ಹುಡುಗರು ಅಂತಾವ. ಅವಂಗ ಇಲ್ಲಿ ಯಾರರೆ ಹೊಡದಾರೇನು? ಉಪವಾಸ ಕೆಡವ್ಯಾರೇನು? ಹೇಳು, ಈಗ ಸರಿ ಮಾಡತೇನಿ.”

ಹೇಳಲು ಅವಳ ಹತ್ತಿರ ಏನಿತ್ತು? ಒಂದು ಫೋಟೋ, ಒಂದು ಗಿಡ್ಡ ತೋಳಿನ ಕೋಟು. ಅವಳು ಗಂಡನ ಕಡೆ ನೋಡಿದಳು. ಪಾರಿಸ ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತ ಕೂತಿದ್ದ. ಅವನ ಕಣ್ಣಿನಿಂದ ನೀರು ಇಳಿದು ಮೀಸೆಯಲ್ಲಿ ನಿಂತಿತ್ತು.

ಅವಳು ಹಿತ್ತಿಲಿಗೆ ಮರಳಿದಳು. ಹುಡುಗ ಹೇಳಿದ ಜಾಗದಲ್ಲೇ ನಿಂತಿದ್ದ. ಕೋಟಿನ ಗುಂಡಿ ಹಾಕಿಕೊಂಡಿದ್ದ, ಕಾಲಿಗೆ ಬೂಟು ಸೇರಿಸಿದ್ದ. ಹೊರಡಲು ತಯಾರಾಗಿದ್ದ.

ಮಂಗಲಾ ಅವನೆದುರು ಕುಕ್ಕರುಗಾಲಿನಲ್ಲಿ ಕೂತಳು. ಅವನ ಎರಡೂ ಕೈ ಹಿಡಿದಳು. ಕಾರಣ ಹೇಳಬೇಕೆಂದರೆ ಅವನ ಭಾಷೆಯಲ್ಲಿ ಅವಳಿಗೆ ಮಾತಿಲ್ಲ. ತನ್ನ ಭಾಷೆಯಲ್ಲೂ ಇರಲಿಲ್ಲ.

“ಇಲ್ಲಪಾ. ಆಗೂದಿಲ್ಲ,” ಅಂದಳು.

ಅವನು ಅಳುತ್ತಾನೆ, ಹಟ ಮಾಡುತ್ತಾನೆ ಎಂದುಕೊಂಡಿದ್ದಳು. ಹಾಗಾದರೆ ಆ ಗದ್ದಲದಲ್ಲಾದರೂ ಏನಾದರೂ ಆದೀತು ಎಂದು ಒಳಗೊಳಗೆ ಆಸೆಯೂ ಇತ್ತು. ಹುಡುಗ ಅವಳ ಮುಖ ನೋಡಿದ, “ಬರಂ,” ಅಂದ. ಮರಾಠಿಯಲ್ಲಿ ‘ಆಯಿತು’, ಅಷ್ಟೇ. ಮೆಲ್ಲಗೆ ಕೈ ಬಿಡಿಸಿಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲೇ ಯಾರೋ ಅವನನ್ನು ಕರೆದು ಹೊರಗಿನ ಸಾಹೇಬರಿಗೆ ಷರಬತ್ತಿನ ಗ್ಲಾಸು ಕೊಡಲು ಹಚ್ಚಿದ್ದು ಕೇಳಿಸಿತು.

ಸಣ್ಣ ರೈಲಿನಲ್ಲಿ ಪಾರಿಸ ಒಮ್ಮೆ ಬಾಯಿ ತೆರೆದ. “ನಾ ಏನ್ ಮಾಡ್ಲಿ ಹೇಳು,” ಅಂದ. ಅವನು ನಿಜವಾಗಿಯೇ ಕೇಳುತ್ತಿದ್ದ. ಅವಳಿಗೂ ಗೊತ್ತಿದ್ದರೆ ಹೇಳುತ್ತಿದ್ದಳು. ಬೆಳಂಕಿಯ ಹತ್ತಿರ ಗಾಡಿ ಬಹಳ ಹೊತ್ತು ನಿಂತಿತು. ಜೋಳದ ಹೊಲಗಳಲ್ಲಿ ಹಕ್ಕಿ ಓಡಿಸುವವರು ಕೂಗುತ್ತಿದ್ದರು. ಅವಳು ಕಿಟಕಿಗೆ ತಲೆಯಿಟ್ಟು ಕೂತಿದ್ದಳು.

ಇನ್ನು ಆ ಮನೆಗೆ ಕಾಲಿಡುವುದಿಲ್ಲ ಎಂದು ಅವಳು ತಿಂಗಳುಗಟ್ಟಲೆ ಅಂದುಕೊಂಡಳು. ಕೂಸಿಗೆ ಅನ್ನ ಉಣಿಸುವ ಕಾರ್ಯಕ್ಕೆ ಕರೆ ಬಂದಾಗ ಜ್ವರ ಎಂದು ಹೇಳಿ ಕಳಿಸಿದಳು. ಆಮೇಲೆ ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಕರೆದರು. ಹೋಗದಿದ್ದರೆ ಅವನನ್ನು ನೋಡುವ ದಾರಿಯೇ ಇರಲಿಲ್ಲ. ಎಳ್ಳಿನ ಉಂಡೆ ಕಟ್ಟಿಕೊಂಡು ಹೋದಳು.

ಹಜಾರದಲ್ಲಿ ಜಮಖಾನೆಯ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಜಯಕುಮಾರ ಎತ್ತರವಾಗಿದ್ದ. ಬೆಳ್ಳಿಯ ಗುಲಾಬದಾನಿ ಹಿಡಿದು ಬಂದವರಿಗೆಲ್ಲ ಪನ್ನೀರು ಚಿಮುಕಿಸುವ ಕೆಲಸ ಅವನಿಗೆ ಕೊಟ್ಟಿದ್ದರು. ಬಹಳ ಶಿಸ್ತಿನಿಂದ ಮಾಡುತ್ತಿದ್ದ. ಯಾರ ಸೀರೆಯೂ ಹೆಚ್ಚು ತೋಯುತ್ತಿರಲಿಲ್ಲ. ಮಂಗಲಾಳ ಪಕ್ಕದಲ್ಲಿ ಊರಿಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರ ಹೆಂಡತಿ ಕೂತಿದ್ದಳು. ಸುಮ್ಮನೆ ಕೂಡಲಾರದೆ ಮಾತಿಗೆಳೆದಳು. ಯಾವ ಊರು, ಹೊಲ ಎಷ್ಟು ದೂರ ಎಂದೆಲ್ಲ ಕೇಳಿ, ಕೊನೆಗೆ ಮಕ್ಕಳೆಷ್ಟು ಅಂದಳು.

ಹುಡುಗ ಅಷ್ಟರಲ್ಲಿ ಆ ಸಾಲಿಗೆ ಬಂದಿದ್ದ. ಎದುರು ಗೋಡೆಯ ಹತ್ತಿರ ಇಂದುಬಾಯಿ ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಈ ಕಡೆಯೇ ನೋಡುತ್ತಿದ್ದಳು.

ಮಂಗಲಾಗೆ ಬರುವ ಮರಾಠಿಯಲ್ಲಿ ಆ ಪ್ರಶ್ನೆಗೆ ಬೇಕಾಗುವಷ್ಟು ಇತ್ತು. “ಒಬ್ಬ ಮಗ,” ಅಂದಳು.

“ಒಬ್ಬನೇ?” ಆ ಹೆಂಗಸು ಮರುಗಿದಳು. “ಇನ್ನೊಂದಿದ್ದರೆ ಚೆನ್ನಾಗಿತ್ತು.”

ಜಯಕುಮಾರ ಅಧಿಕಾರಿಯ ಹೆಂಡತಿಗೆ ಪನ್ನೀರು ಚಿಮುಕಿಸಿದ, ಮಂಗಲಾಗೂ ಚಿಮುಕಿಸಿದ, ಮುಂದಿನವಳ ಹತ್ತಿರ ಹೋದ.